ಘಾಟಿ

ಮಾಪ್ಸಾದ ಶುಕ್ರವಾರದ ಸಂತೆ. ಅವ್ವನ ಮುಂದೆ
ಗೋಣಿತಟ್ಟಿನ ಮೇಲೆ ಬ್ಯಾಡಗಿಯ ಕೆಂಪು ಗುಡ್ಡೆ.
ಕೊಡೆ ಹಿಡಿದ ಹೆಂಗಸು ಒಂದನ್ನು ಮುರಿದು ಮೂಸಿ
‘ಘಾಟಿ’ ಅಂದಳು, ನಡೆದಳು.
ಬರೀ ಬಣ್ಣದ ಆ ಮೆಣಸಿನಕಾಯಿಗೆ ಎಲ್ಲಿಯ ಘಾಟು!
ನಾನು ನಕ್ಕೆ. ಅವ್ವ ನಗಲಿಲ್ಲ.

ಆಮೇಲೆ ತಿಳಿಯಿತು:
ಘಟ್ಟ ಇಳಿದು ಬಂದದ್ದೆಲ್ಲ ಇಲ್ಲಿ ಘಾಟಿ.
ಬದನೆ, ಲಾರಿ, ಅವ್ವ,
ಶಾಲೆಯಲ್ಲಿ ಹಾಜರಿ ಕೂಗುವ ಮೊದಲೇ ನಾನು.
ಅನ್ಮೋಡಿನ ತಿರುವಿನಲ್ಲಿ ಬಸ್ಸಿನ ಕಿಟಕಿಗೆ
ತಲೆ ಕೊಟ್ಟು ವಾಂತಿ ಮಾಡಿಕೊಂಡಿದ್ದೆನಲ್ಲ,
ಅದೇ ಘಾಟಿ. ಇಳಿದು ಮೂವತ್ತು ವರ್ಷ,
ಮೈ ಬಿಟ್ಟಿಲ್ಲ.

ಊರಲ್ಲಿ ಇದೇ ಶಬ್ದ
ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಲ್ಲುತ್ತಿತ್ತು.
ಮೈದುನರ ಹಟ್ಟಿಗೆ ನುಗ್ಗಿ, ತನ್ನ ಪಾಲಿನ ಎಮ್ಮೆ
ಹಗಲಲ್ಲೇ ಬಿಚ್ಚಿಕೊಂಡು ಬಂದವಳನ್ನು ಕಂಡು
ಕಟ್ಟೆಯ ಮೇಲಿನವರು:
‘ಭಾಳ ಘಾಟಿ ಹೆಣ್ಮಗಳು ಬಿಡಪಾ, ದುರಗವ್ವ.’
ಬೈದರೋ ಹೊಗಳಿದರೋ
ಅವರಿಗೇ ಗೊತ್ತಿದ್ದಂತಿರಲಿಲ್ಲ.

ಮೊನ್ನೆ ಮನೆಯೊಡತಿ ಎರ್ಮೆಲಿಂದಾ
ಬಾಡಿಗೆಯ ಮೇಲೆ ಮತ್ತೆ ಇನ್ನೂರು ಕೇಳಿದಳು.
ಅವ್ವ ಕೊಡಲಿಲ್ಲ;
ಕೊಂಕಣಿಯಲ್ಲೇ, ಅರ್ಧ ಗಂಟೆ, ಕೊಡಲಿಲ್ಲ.
ಮುದುಕಿ ಹೊಸ್ತಿಲ ಮೇಲೆ ಕುಸಿದು ಕೂತು
‘ಗೊ ಘಾಟಿ, ಚಹಾನಾದರೂ ಕೊಡು’ ಅಂದಳು.
ಈ ಘಾಟಿ ಯಾವುದು? ಗ್ಲಾಸು ಎರಡು ಬಂದವು.

ಇವತ್ತು ಮಗಳು, ಇಲ್ಲೇ ಹುಟ್ಟಿದವಳು,
ಟೆಂಪೊದಿಂದ ಹಾಸಿಗೆ, ಹಂಡೆ, ಕೂಸು ಇಳಿಸುತ್ತಿದ್ದ
ಗದಗಿನವರನ್ನು ಜಗಲಿಯಿಂದ ನೋಡಿ ಕೂಗಿದಳು:
‘ಅಪ್ಪಾ, ಘಾಟಿ ಆಯ್ಲೆ!’

ನಾನು ಚಪ್ಪಲಿ ಹುಡುಕುತ್ತಿದ್ದೆ, ಹುಡುಕುತ್ತಲೇ ಇದ್ದೆ.
ಒಳಗೆ ಅವ್ವ ಖಾರಕ್ಕೆ ಮೆಣಸಿನಕಾಯಿ ಹುರಿಯಲಿಟ್ಟಿದ್ದಳು.
ಹುಡುಗಿ ಕೆಮ್ಮಿ ಕೆಮ್ಮಿ, ಕಣ್ಣೀರಲ್ಲಿ ಓಡಿ ಬಂದು
ಅಜ್ಜಿಯ ಸೆರಗಲ್ಲೇ
ಮೂಗು ಮುಚ್ಚಿಕೊಂಡಳು.