ತಾಂಡೇಲನ ಹೆಜ್ಜೆ ಲೆಕ್ಕ

ಅಕ್ಕನ ಮಗಳು ನಾಗವೇಣಿ, ಮೆಡಿಕಲ್ ಕಾಲೇಜಿನ ನರ್ಸು,
ಕೈ ಎಳೆದು ಮಣಿಕಟ್ಟಿಗೆ ಕಟ್ಟಿದಳು ಈ ಕಪ್ಪು ಬ್ಯಾಂಡು,
ಪೇಟೆಯಲ್ಲಿ ಏಡಿಯ ಕೊಂಬಿಗೆ ದಾರ ಸುತ್ತುವಷ್ಟೇ ಸಲೀಸಾಗಿ.
ವಯಸ್ಸು ಐವತ್ತೆಂಟು. ತೂಕ ಎಂಬತ್ತೊಂದು. ಕಸುಬು?
ತಾಂಡೇಲ ಎಂಬ ಶಬ್ದ ಅದರಲ್ಲಿರಲಿಲ್ಲ. ‘ಚಾಲಕ’ ಒತ್ತಿದಳು.
ಮೂರು ತಿಂಗಳ ಸಕ್ಕರೆ, ಒಂಬತ್ತೂವರೆ.
‘ಇದು ನಿನ್ನದೇ ಮಾವಾ,
ನಿನ್ನೊಬ್ಬನ ಅಳತೆಗೇ ಹೊಲಿದ ಅಂಗಿ.’

ದಿನಕ್ಕೆ ಎಂಟು ಸಾವಿರ ಹೆಜ್ಜೆ.
ನನ್ನ ಹೆಸರು ವಾಮನ.
ಆ ಇನ್ನೊಬ್ಬನಿಗೆ ಮೂರೇ ಸಾಕಾಗಿತ್ತು,
ಅದರಲ್ಲೂ ಮೂರನೆಯದಕ್ಕೆ ಜಾಗ ಸಾಲಲಿಲ್ಲ.
ಬೈತಖೋಲದ ಧಕ್ಕೆ ಈ ತುದಿಯಿಂದ ಆ ತುದಿಗೆ ನಾನೂರು.
ಉಳಿದದ್ದನ್ನು ಎಲ್ಲಿಡಲಿ?

ಬೆಳಗಾದರೆ ಕೇಳುತ್ತದೆ, ಏನು ತಿಂದಿರಿ ವಾಮನ?
ಮೀನು ಎಂದರೆ ಅದಕ್ಕೆ ಒಂದೇ ಚಿತ್ರ,
ಬಾಲ ಎತ್ತಿ ನಗುವ ನೀಲಿ ಮೀನು,
ನಲವತ್ತು ವರ್ಷದಲ್ಲಿ ನನ್ನ ಬಲೆಗೊಮ್ಮೆಯೂ ಬೀಳದ್ದು.
ಹೇಗೆ ಹೇಳಲಿ, ಇದು ಲೇಪೆ, ಇದು ನೋಗಲಿ,
ಇದು ಕೊಬ್ಬಿದ ತಾರ್ಲೆ, ತನ್ನದೇ ಜಿಡ್ಡಿನಲ್ಲಿ ಬೆಂದದ್ದು.
ಗಂಜಿ ಎಂದು ಒತ್ತಿದರೆ
ಹುಷಾರಿಲ್ಲವೇ ಎಂದು ವಿಚಾರಿಸುತ್ತದೆ.

ಮೊದಮೊದಲು ಸುಳ್ಳು ಹೇಳಿದೆ.
ಎರಡು ತಟ್ಟೆ ಉಂಡು ಒಂದೆಂದೆ.
ಶಭಾಷ್ ಅಂದಿತು.
ಜಗುಲಿಯಲ್ಲಿ ಬಲೆ ಹೆಣೆಯುತ್ತಿದ್ದ ಶೇವಂತಿ
ಕೇಳಿಸಿಕೊಂಡಳು, ತಲೆ ಎತ್ತಲಿಲ್ಲ.
ಮರುದಿನದಿಂದ ಅನ್ನದ ಮಡಕೆಯಲ್ಲಿ
ಹಳೆಯ ಸೌಟು ಇರಲಿಲ್ಲ. ಕರಟದ್ದೊಂದು, ಸಣ್ಣದು.

ಆಗಸ್ಟಿಗೆ ಬಂದರು ತೆರೆಯಿತು.
ದೇವಗಡದ ದೀಪ ಹಿಂದೆ ಸಣ್ಣಗಾಗಿ ನಂದಿತು.
ಮೂರು ದಿನ ಚುಕ್ಕಾಣಿ ಹಿಡಿದು ಕೂತಲ್ಲೇ ಕೂತಿದ್ದೆ.
ಅಲೆ ಎತ್ತಿತು, ಇಳಿಸಿತು, ಎತ್ತಿತು,
ಮಣಿಕಟ್ಟು ಗುಂಯ್‌ಗುಟ್ಟಿ, ಅಭಿನಂದನೆ!
ಇಪ್ಪತ್ತೆರಡು ಸಾವಿರದ ಮುನ್ನೂರ ಹನ್ನೊಂದು ಹೆಜ್ಜೆ!
ನಾನಲ್ಲ ಮಾರಾಯ, ಸಮುದ್ರ ನಡೆದದ್ದು.
ಖಲಾಸಿಗಳು ಬಿದ್ದು ಬಿದ್ದು ನಕ್ಕರು.
‘ನನಗೂ ಒಂದು ಕಟ್ಟು,’ ಎಂದ ಅಡುಗೆಯ ಪುರ್ಸು,
‘ಬಂಗಡೆ ಕೊಯ್ಯುತ್ತ ಕೊಯ್ಯುತ್ತಲೇ ತೆಳ್ಳಗಾಗುತ್ತೇನೆ.’
ಆಮೇಲೆ ಯಾರೋ ಅಂದರು, ದತ್ತಾನಿಗೆ ಕಟ್ಟಬೇಕಿತ್ತು.
ನಗು ಅಲ್ಲಿಗೆ ನಿಂತಿತು.

ದತ್ತಾ ದುರ್ಗೇಕರ. ಹೋದ ವರ್ಷ ಇದೇ ದೋಣಿ,
ಬಲೆಯ ಸೀಸ ತಾಗಿ ಕಾಲಲ್ಲೊಂದು ಗಾಯ,
ಅಕ್ಕಿಕಾಳಿನಷ್ಟು.
ನೋವೇ ಇಲ್ಲ ಎಂದು ಹೆಮ್ಮೆ ಪಟ್ಟಿದ್ದ.
ಬಲಗಾಲಿನ ಎರಡು ಬೆರಳು ಆಸ್ಪತ್ರೆಯಲ್ಲಿ ಉಳಿದವು.

ಈಗ ದಡಕ್ಕೆ ಬಂದ ದಿನವೆಲ್ಲ
ಬೆಳಗಿನ ಜಾವ ಅವನ ಮನೆ ಬಾಗಿಲಲ್ಲಿ ನಾನು.
ಯುದ್ಧನೌಕೆಯ ಮ್ಯೂಸಿಯಂವರೆಗೆ, ವಾಪಸು.
ನಮ್ಮಿಬ್ಬರದೂ ಕಾಲಗಲಿಸಿ ನಡೆವ ದೋಣಿಯ ನಡಿಗೆ,
ಡೆಕ್ಕು ಕೊಟ್ಟ ಹೆಜ್ಜೆಯನ್ನು ಮರಳಿಸುತ್ತದೆ,
ನೆಲ ಸುಮ್ಮನೆ ಇಟ್ಟುಕೊಳ್ಳುತ್ತದೆ.
ಅವನು ವಾಲುತ್ತಾನೆ. ನಾನು ತೋಳು ಹಿಡಿದಿರುತ್ತೇನೆ,
ಬ್ಯಾಂಡು ಕಟ್ಟಿದ ಕೈಯಲ್ಲೇ.
ಕೈ ಬೀಸದಿದ್ದರೆ ಅದಕ್ಕೆ ನಡಿಗೆ ತಿಳಿಯದಂತೆ.
‘ಎಷ್ಟಾಯಿತೋ?’ ದತ್ತಾ ಕೇಳುತ್ತಾನೆ.
ನೂರಾ ಹನ್ನೆರಡು.
‘ಥೂ, ನನ್ನವೇ ಸಾವಿರ ಆಗಿವೆ.’

ಮೊನ್ನೆ ರಕ್ತ ಕೊಟ್ಟು ಬಂದೆ, ಏಳೂ ಮುಕ್ಕಾಲು.
ನಾಗವೇಣಿ ಫೋನಿನಲ್ಲಿ ಗೀಟು ನೋಡಿ ಹುಬ್ಬು ಗಂಟಿಕ್ಕಿದಳು,
‘ಕಡಲಲ್ಲಿ ಬೆಟ್ಟ, ದಡದಲ್ಲಿ ಬಯಲು,
ಇದೆಂಥ ಲೆಕ್ಕ ಮಾವಾ?’
ಬರಿಗಾಲಲ್ಲಿ ಮಾತ್ರ ನಡೆಯಬೇಡಿ ಎಂದಳು, ಇಬ್ಬರಿಗೂ.
ಒದ್ದೆ ಮರಳು ಸಿಗುವ ತನಕ ಕೇಳಿದೆವು.

ಇವತ್ತು ನೌಕೆಯ ನೆರಳಿನ ಹತ್ತಿರ, ನಡುದಾರಿಯಲ್ಲಿ,
ಬ್ಯಾಂಡು ನಡುಗಿತು,
ತುಂಬ ಹೊತ್ತಿನಿಂದ ಕುಳಿತಿದ್ದೀರಿ ವಾಮನ,
ಎದ್ದು ಸ್ವಲ್ಪ ನಡೆಯಬಾರದೇ?
‘ಏಳಬೇಕಂತೆ,’ ಎಂದೆ.
‘ಏಳೋಣ,’ ಎಂದ ದತ್ತಾ, ಚಪ್ಪಲಿ ಇನ್ನೊಂದು ಕೈಗೆ ಬದಲಿಸಿ.
ನೀರು ಬಂದು ಅಳಿಸುವ ಮೊದಲು ತಿರುಗಿ ನೋಡಿದೆ,
ನಾಲ್ಕು ಸಾಲು ಪಾದ,
ಒಂದಕ್ಕೆ ಮೂರೇ ಬೆರಳು.