ಹೆಪ್ಪು

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ
ಒಂಬತ್ತೂವರೆ ಹೊತ್ತಿಗೆ ಯಾರೋ ಕೂಗಿದರು:
"ಪಿಳ್ಳಮ್ಮ ಕೇಜಿಗೆ ಇಪ್ಪತ್ತು ಗ್ರಾಂ ತಿಂತಾಳೆ!"

ಪಿಳ್ಳಮ್ಮ ನಮ್ಮಜ್ಜಿ.
ಸತ್ತು ಹನ್ನೊಂದು ವರ್ಷ.

ಅವಳ ಹೆಸರನ್ನು ತೂಕದ ತಂತ್ರಾಂಶಕ್ಕೆ ಇಟ್ಟವಳು ನಾನೇ.
ತಕ್ಕಡಿ ಹೇಳಿದ್ದನ್ನು ಕೇಳಿಸಿಕೊಂಡು
ಜಾಲರಿಯ ಭಾರ ಕಳೆದು
ಲಾಟು ನಂಬರು, ರೇಟು, ಮೊತ್ತ, ಕನ್ನಡದಲ್ಲೇ ಚೀಟಿ.
ಯಾರು ಬೇಕಾದರೂ ಹಾಕಿಕೊಳ್ಳಿ, ಬಿಚ್ಚಿ ನೋಡಿ,
ತಿದ್ದಿ, ಹಂಚಿ, ಮಾರಿಕೊಂಡರೂ ಸರಿ
ಎಂದು ಮೇಲೆಯೇ ಬರೆದು ಬಿಟ್ಟಿದ್ದೆ.

ಅಜ್ಜಿಯೂ ಹಾಗೆಯೇ.
ದೀಪ ಹಚ್ಚಿದ ಮೇಲೆ ಹೆಪ್ಪು ಕೊಡಬಾರದೆಂದು
ಊರೆಲ್ಲ ಇಲ್ಲ ಅಂದರೂ
ನಮ್ಮನೆ ಅಡುಗೆಕೋಣೆಯಲ್ಲಿ ಚಮಚದ ಸದ್ದು.
ಅದು ಯಾರ ಮನೆಯ ಹಾಲಿಗೋ, ಎಷ್ಟು ನೀರಿಗೋ
ಕೇಳಿದವಳಲ್ಲ.

ಯಾವನೋ ಒಬ್ಬ ಒಂದು ಸಾಲು ಸೇರಿಸಿದ್ದ.
ಒಂದೇ ಸಾಲು. ಮುನ್ನೂರ ಹದಿನಾಲ್ಕನೆಯದು.
ಕೈ ಪಳಗಿತ್ತು, ಹೊಲಿಗೆ ಕಾಣಿಸುತ್ತಿರಲಿಲ್ಲ.
ಹೆಸರನ್ನು ಮಾತ್ರ ಮುಟ್ಟಿರಲಿಲ್ಲ.
ಹೆಸರೇ ಅವನ ಬಂಡವಾಳ.

ಆ ರಾತ್ರಿ ಬೀಗ ಹಾಕಲು ಕೂತೆ.
ಇನ್ನು ಯಾರೂ ಒಳಗೆ ಇಣುಕುವಂತಿಲ್ಲ.
ಆಗ ನೆನಪಾದ, ರೀಲರ್ ಮುಬಾರಕ್ ಸಾಬರ ಮಗ ತನ್ವೀರ್:
ಕಣ್ಣು ಮಂಜಾದ ಅಪ್ಪನಿಗೆಂದು
ತೂಕವನ್ನು ದನಿಯಲ್ಲಿ ಓದಿಸಿದವನು.
ನನಗೆ ಹೊಳೆದಿರಲಿಲ್ಲ ಅದು.
ಕಳ್ಳ ಬಂದದ್ದೂ ಅದೇ ಬಾಗಿಲಲ್ಲಿ, ತನ್ವೀರನೂ.
ಆ ಸಾಲನ್ನು ಹಿಡಿದುಕೊಟ್ಟ
ಜಂಗಮಕೋಟೆಯ ಹುಡುಗಿಯೂ.

ಬೆಳಗಿನ ಜಾವ ಬರೆದೆ:
ತಿದ್ದಿದರೆ ನಿಮ್ಮ ಹೆಸರಿಡಿ.
ಹೆಪ್ಪು ನಮ್ಮದು, ಮೊಸರು ನಿಮ್ಮದು.
ಪಿಳ್ಳಮ್ಮನನ್ನು ನನಗೆ ಬಿಡಿ.

ತನ್ವೀರ್ ಫೋನು ಮಾಡಿದ.
"ಅಕ್ಕಾ, ನಾನೇನು ಕದ್ದೆ?"
ಏನೂ ಇಲ್ಲ ಅಂದೆ. ನಿಯಮಕ್ಕೆ ಮುಖದ ಗುರುತು ಹತ್ತಲ್ಲ ಅಂದೆ.
ಸುಮಾರು ಹೊತ್ತು
ಆ ಕಡೆ ರೀಲಿಂಗ್ ಯಂತ್ರದ ಸದ್ದೊಂದೇ.

ಈಗ ಮೂಲೆಯ ತಕ್ಕಡಿಯೊಂದು
ಖೈರುನ್ನಿಸಾ ಎಂದು ಚೀಟಿ ಹರಿಯುತ್ತದೆ. ಅವನ ನಾನಿ.
ತೂಕ ಸರಿಯಿದೆ, ನಾನೇ ನಿಂತು ನೋಡಿದ್ದೇನೆ.

ಆದರೂ ಸಂಜೆ ಹಾಲು ಆರಲಿಟ್ಟಾಗ ಒಂದು ಮಾತು ಕುಟುಕುತ್ತದೆ.
ನಮ್ಮ ಹೆಪ್ಪು ಒಯ್ದವರು
ಮೊಸರು ಹುಳಿಯಾಯಿತೆಂದು ಬಾಗಿಲಿಗೆ ಬಂದರೆ
ಅಜ್ಜಿ ಜಗಳಕ್ಕೆ ನಿಲ್ಲುತ್ತಿರಲಿಲ್ಲ.
"ಹಾಲು ಬಿಸಿ ಜಾಸ್ತಿ ಇತ್ತೇನೋ ಕಣೆ" ಅಂತ
ಇನ್ನೊಂದು ಚಮಚ ಹಾಕಿ ಕಳಿಸುತ್ತಿದ್ದಳು.