ಹೊಟ್ಟು ಹಸಿ

ರಾತ್ರಿ ಎರಡೂಕಾಲು. ದಾವಣಗೆರೆಯ ಮಂಡಕ್ಕಿ ಭಟ್ಟಿ ಸಾಲಿನಲ್ಲಿ
ಹೊಸಪೇಟೆ ಲಾರಿಗೆ ನಮ್ಮದೊಂದೇ ಬಾಕಿ.
ಐದಕ್ಕೆ ಅರವತ್ತು ಚೀಲ.
ಸಾಹುಕಾರ ಆಗಲೇ ಎರಡು ಸಲ ಫೋನ್ ಮಾಡಿದ.

ಬಾಣಲೆಯ ಮುಂದೆ ಚಮನ್‌ಸಾಬ.
ತಮ್ಮನೊಡನೆ ಮಾತು ಬಿಟ್ಟು ಎಂಟು ದಿನ,
ನಿದ್ದೆ ಬಿಟ್ಟು ಮೂರು.
ಪಾಲಾಗದ ಒಂದು ಗೋಡೆಯ ಸಿಟ್ಟು
ಸಟ್ಟುಗದ ತುದಿಗೆ ಬಂದು
ಕಾದ ಉಸುಕು ಅಂಚು ದಾಟಿ ಹಾರುತ್ತಿತ್ತು.
ಆಮೇಲೆ ಸಿಟ್ಟೂ ಇಳಿಯಿತು.
ನನಗೆ ಹೆದರಿಕೆಯಾದದ್ದು ಆಗ.

ಒಂದು ಅಕ್ಕಿ ಅರಳಲು ಎಷ್ಟು ಹೊತ್ತು?
ಅಷ್ಟೇ ಹೊತ್ತು ಅವನ ರೆಪ್ಪೆ ಮುಚ್ಚಿತು.
ತೆರೆಯಿತು. ಮತ್ತೆ.

ಮೊಣಕೈಯಿಂದ ಮಣಿಕಟ್ಟಿನವರೆಗೆ
ನನಗೂ ಒಂದು ಸುಕ್ಕು ಚರ್ಮವಿದೆ, ಹಳೇ ಭಟ್ಟಿಯದು.
ಅವತ್ತು ಎಲ್ಲರೂ ಬಾಣಲೆ ನೋಡಿದರು, ಕಟ್ಟೆ ನೋಡಿದರು,
ಚಪ್ಪಲಿ ಜಾರಿತಾ ಎಂದರು.
ಹಿಂದಿನ ರಾತ್ರಿ ಎಲ್ಲಿ ಕೂತಿದ್ದೆ ಜಬೀನಾ,
ಯಾರಿಗಾಗಿ ಅಳುತ್ತಿದ್ದೆ,
ಯಾರೂ ಕೇಳಲಿಲ್ಲ.

ಮಲಗು ಅಂದರೆ ಕೇಳುವವನಲ್ಲ ಇವನು.
ಕೂಲಿ ಚೀಲದ ಲೆಕ್ಕ.
ಒಲೆಗೆ ಹೊಟ್ಟು ನೂಕುವವಳು ನಾನು.
ನೂಕಲಿಲ್ಲ.

ಬೆಂಕಿ ಕುಗ್ಗಿತು. ಉಸುಕು ಆರಿತು.
ಅಕ್ಕಿ ಅಕ್ಕಿಯಾಗಿಯೇ ಉಳಿಯಿತು.
ಮೂರನೇ ಫೋನಿಗೆ ನಾನೇ ಹೇಳಿದೆ:
"ಹೊಟ್ಟು ಹಸಿ ಐತ್ರಿ, ಹತ್ತವಲ್ದು. ಇನ್ನರ್ಧ ತಾಸು."
ಆ ಕಡೆಯಿಂದ ಬಂದ ಬೈಗುಳ
ನನ್ನ ಕಿವಿಯಲ್ಲೇ ಇರಲಿ.

ಚಮನ್‌ಸಾಬ ಚೀಲಕ್ಕೆ ಒರಗಿದ್ದಷ್ಟೇ,
ಬಾಯಿ ತೆರೆದು, ಸಟ್ಟುಗ ಹಿಡಿದೇ ಮಲಗಿದ.
ಮೆಲ್ಲಗೆ ಬಿಡಿಸಿಕೊಂಡೆ.

ಲಾರಿ ಬಂದು ಹಾರ್ನ್ ಹೊಡೆಯಿತು.
ಒಣ ಹೊಟ್ಟಿನ ಗುಡ್ಡೆಗೆ ಬೆನ್ನುಕೊಟ್ಟು ಕೂತೆ,
ಯಾರೂ ಬಂದು ಕೈಯಿಟ್ಟು ನೋಡದ ಹಾಗೆ.